ಕಂಪಾಲಾ ಪಟ್ಟಣವನ್ನು ಮೊದಲು ಕಂಡಾಗ

ಕೆಲವು ಊರುಗಳು ತಮ್ಮ ದೇವರಿಂದ ಹೆಸರಾಗಿರುವುವು. ಕೆಲವು ತಮ್ಮ ಸಂತೆಪೇಟೆಗಳಿಂದ. ಇನ್ನು ಕೆಲವು, ದುರ್ದೈವದಿಂದ, ತಮ್ಮಲ್ಲಿ ಕಾಣಿಸಿಕೊಂಡ ರೋಗದಿಂದ. ಮೊದಲ ಎರಡು ಬಗೆಯ ಊರುಗಳನ್ನು ಜನರು ಹುಡುಕಿಕೊಂಡು ಹೋಗುವರು. ಮೂರನೆಯ ಬಗೆಯ ಊರಿನ ಹೆಸರು ಕಿವಿಗೆ ಬಿದ್ದೊಡನೆ ಸೆರಗನ್ನು ಮೂಗಿಗೆ ಹಿಡಿಯುವರು. ಶಿವಮೊಗ್ಗ ಜಿಲ್ಲೆಯವರಾದ ನಮಗೆ ಈ ಮಾತನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಸೊರಬ ತಾಲ್ಲೂಕಿನಲ್ಲಿ ಕ್ಯಾಸನೂರು ಎಂಬ ಒಂದು ಹಳ್ಳಿಯುಂಟು. ೧೯೫೭ನೆಯ ಇಸವಿಯಲ್ಲಿ ಅದರ ಸುತ್ತಲಿನ ಕಾಡಿನಲ್ಲಿ ಮಂಗಗಳೂ ಮುಸುವಗಳೂ ಮರದಿಂದ ಉದುರಿ ಸಾಯತೊಡಗಿದುವು. ಕಾಡಿಗೆ ಹೋಗಿ ಬಂದ ಜನರೂ ಜ್ವರದಿಂದ ಮಲಗಿದರು. ಪುಣೆಯಲ್ಲಿ ೧೯೫೨ರಲ್ಲಿ ಸ್ಥಾಪಿತವಾಗಿದ್ದ ವೈರಸ್ ಸಂಶೋಧನ ಕೇಂದ್ರದಿಂದ ವಿಜ್ಞಾನಿಗಳು ಧಾವಿಸಿ ಬಂದರು. ಅವರಿಗೆ ಮೊದಲು ಹುಟ್ಟಿದ ಭಯವು ಏನೆಂದರೆ, ಆಫ್ರಿಕಾ ಖಂಡದ ಹಳದಿ ಜ್ವರವು ಕಡಲು ದಾಟಿ ನಮ್ಮ ದೇಶವನ್ನು ಹೊಕ್ಕಿತೋ ಎಂಬುದು. ಏಕೆಂದರೆ ಆ ಜ್ವರವೂ ಕಾಡಿನ ಕೋತಿಗಳಲ್ಲಿ ಸುಳಿದಾಡುವಂಥದು. ಪರೀಕ್ಷಿಸಿ ನೋಡಲಾಗಿ ಇದು ಹಳದಿ ಜ್ವರವಲ್ಲ, ಉಣುಗಿನ ಕಡಿತದಿಂದ ಹರಡುವ, ಅದುವರೆಗೆ ಯಾರೂ ಅರಿಯದಿದ್ದ ಬೇರೊಂದು ರೋಗವೆಂದು ತಿಳಿಯಿತು. ಜಗತ್ತಿನ ವೈದ್ಯಗ್ರಂಥಗಳಲ್ಲಿ ಅದಕ್ಕೆ ‘ಕ್ಯಾಸನೂರು ಕಾಡಿನ ಕಾಯಿಲೆ’ ಎಂದು ಹೆಸರಾಯಿತು. ನಾವು ಮಂಗನ ಕಾಯಿಲೆ ಎನ್ನುತ್ತೇವೆ. ಒಂದು ಸಣ್ಣ ಹಳ್ಳಿಯ ಹೆಸರು ಹೀಗೆ ಭೂಮಂಡಲವನ್ನೆಲ್ಲ ಸುತ್ತಿತು. ಆದರೆ ಆ ಹಳ್ಳಿಯ ಅಡಕೆಯ ತೋಟವನ್ನಾಗಲಿ, ಗದ್ದೆಯನ್ನಾಗಲಿ, ಅಲ್ಲಿನ ಜನರ ಆದರಾತಿಥ್ಯವನ್ನಾಗಲಿ ಅದು ತನ್ನೊಡನೆ ಕೊಂಡೊಯ್ಯಲಿಲ್ಲ.

ಇದರ ನೋವು ನಮ್ಮ ಮನೆಯನ್ನೂ ಮುಟ್ಟಿದೆ. ೨೦೧೮ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಲಗೋಡಿನ ಕಡೆ ಈ ರೋಗವು ಮತ್ತೆ ತಲೆಯೆತ್ತಿ, ೨೦೧೯ರ ಬೇಸಿಗೆಯವರೆಗೂ ಹಲವರನ್ನು ಬಲಿ ತೆಗೆದುಕೊಂಡಿತು. ಕೊಟ್ಟಿಗೆಗೆ ತರಗೆಲೆ ತರಲೆಂದು ಕಾಡಿಗೆ ಹೋಗಿದ್ದ ನನ್ನ ಚಿಕ್ಕಪ್ಪನ ಮಗನು ಅವರಲ್ಲೊಬ್ಬನು. ಅವನ ಉತ್ತರಕ್ರಿಯೆಗಳು ಮುಗಿದು ತಿಂಗಳಾಗುವುದರೊಳಗೆ, ಬಯಲುಸೀಮೆಯ ಕಡೆಯಿಂದ ನಮ್ಮ ತಂಗಿಯ ಮಗಳಿಗೆ ಬಂದಿದ್ದ ಸಂಬಂಧವೂ ತಪ್ಪಿಹೋಯಿತು. “ನಿಮ್ಮ ಕಡೆಗೆ ಬಂದು ಹೋಗುವುದೆಂದರೆ ನಮ್ಮ ಮನೆಯವರಿಗೆ ಅಂಜಿಕೆ” ಎಂದು ಗಂಡಿನ ಕಡೆಯವರು ಹೇಳಿ ಕಳುಹಿಸಿದರು. ರೋಗವು ಮನುಷ್ಯನಿಂದ ಮನುಷ್ಯನಿಗೆ ಅಂಟುವುದಿಲ್ಲವೆಂದು ನಾನು ಪತ್ರ ಬರೆದೆನು. ಉತ್ತರ ಬರಲಿಲ್ಲ. ಹುಡುಗಿಯು ಆ ವಿಷಯವನ್ನು ಮತ್ತೆಂದೂ ಎತ್ತಲಿಲ್ಲ. ಆದರೆ ಅವಳ ತಾಯಿಯು ಆ ವರ್ಷ ಯಾರ ಮದುವೆಗೂ ಹೋಗಲಿಲ್ಲ.

ಇಷ್ಟನ್ನು ಮೊದಲೇ ಹೇಳಲು ಕಾರಣವುಂಟು. ನಾಲ್ಕು ವರ್ಷಗಳ ತರುವಾಯ, ೨೦೨೩ರ ಏಪ್ರಿಲ್ ತಿಂಗಳಲ್ಲಿ, ನೇತ್ರಚಿಕಿತ್ಸೆಯ ತಂಡವೊಂದರ ಜೊತೆಯಲ್ಲಿ ಯುಗಾಂಡಾ ದೇಶದ ರಾಜಧಾನಿಯಾದ ಕಂಪಾಲಾ ಪಟ್ಟಣಕ್ಕೆ ಹೋಗಿ ಹದಿನೈದು ದಿನ ಇದ್ದು ಬರುವ ಯೋಗವು ನನಗೆ ಒದಗಿತು. ಆ ಪಟ್ಟಣವನ್ನು ನಾನು ಯಾವ ಕಣ್ಣಿನಿಂದ ನೋಡಿದೆನೆಂಬುದನ್ನು ವಾಚಕರು ತಿಳಿಯಬೇಕಾದರೆ, ಆ ಕಣ್ಣು ಯಾವ ಊರಿನಿಂದ ಹೋಗಿತ್ತೆಂಬುದನ್ನೂ ತಿಳಿದಿರಬೇಕಷ್ಟೆ.

ನಾನು ಮೂವತ್ತು ವರ್ಷಗಳ ಕಾಲ ಶುಶ್ರೂಷಕಿಯಾಗಿ ದುಡಿದು ನಿವೃತ್ತಳಾಗಿ ರಿಪ್ಪನ್‌ಪೇಟೆಯಲ್ಲಿ ನೆಲೆಸಿದವಳು. ಕೊನೆಯ ಹನ್ನೆರಡು ವರ್ಷ ಕಣ್ಣಿನ ವಿಭಾಗದಲ್ಲಿದ್ದೆನು. ನಮ್ಮ ಅಜ್ಜಿಗೆ ಎರಡು ಕಣ್ಣಿಗೂ ಪೊರೆ ಬಂದು, ಶಾಲೆಯ ಹಜಾರದಲ್ಲಿ ನಡೆದ ಶಿಬಿರವೊಂದರಲ್ಲಿ ಅದನ್ನು ತೆಗೆಸಿದ್ದರು. ಡಾಕ್ಟರ್ ಎಂ. ಸಿ. ಮೋದಿಯವರು ಊರೂರು ತಿರುಗಿ ಶಿಬಿರಗಳನ್ನು ನಡೆಸಿ, ಬಡವರಿಗೆ ಹಣವಿಲ್ಲದೆ ಕಣ್ಣು ಕೊಟ್ಟ ಕಾಲವದು. ಅಜ್ಜಿಯು ಸಾಯುವವರೆಗೂ “ಪುಣ್ಯಾತ್ಮರು ಊರಿಗೆ ಬಂದು ಮಾಡಿದರು” ಎನ್ನುತ್ತಿದ್ದರು. ‘ಊರಿಗೆ ಬಂದು’ ಎಂಬ ಮಾತನ್ನು ಅವರು ಒತ್ತಿ ಹೇಳುತ್ತಿದ್ದುದು ನನ್ನ ಕಿವಿಯಲ್ಲಿ ಉಳಿದಿತ್ತು. ಆದ್ದರಿಂದ ಸೇವಾಸಂಸ್ಥೆಯೊಂದರವರು ಕೇಳಿದಾಗ ನಾನು ಒಪ್ಪಿದೆನು.

ಮನೆಯವರು ಮಾತ್ರ ಸುಲಭವಾಗಿ ಒಪ್ಪಲಿಲ್ಲ. ಎಂಬತ್ತು ದಾಟಿದ ನಮ್ಮ ತಾಯಿಯವರು, “ಅಲ್ಲಿ ಬಿಸಿಲಿಗೆ ಕಲ್ಲು ಸಿಡಿಯುತ್ತದಂತೆ” ಎಂದರು. ಅತ್ತಿಗೆಯವರು ಎಬೋಲಾ ರೋಗದ ಮಾತೆತ್ತಿದರು. ಅದು ಸುಳ್ಳೂ ಆಗಿರಲಿಲ್ಲ: ೨೦೨೨ರ ಸೆಪ್ಟೆಂಬರಿನಲ್ಲಿ ಯುಗಾಂಡಾದಲ್ಲಿ ಆ ರೋಗವು ಕಾಣಿಸಿಕೊಂಡು, ೨೦೨೩ರ ಜನವರಿಯಲ್ಲಷ್ಟೆ ಅಡಗಿತೆಂದು ಪ್ರಕಟವಾಗಿತ್ತು. ನಾನು ಹಳದಿ ಜ್ವರದ ಲಸಿಕೆಯನ್ನು ಹಾಕಿಸಿಕೊಂಡು ಬಂದ ದಿನ, ಕೈಯಲ್ಲಿದ್ದ ಹಳದಿಯ ಪುಸ್ತಿಕೆಯನ್ನು ತಾಯಿಯವರು ಜಾತಕವನ್ನು ನೋಡುವಂತೆ ತಿರುಗಿಸಿ ನೋಡಿದರು. ಆ ಪತ್ರವಿಲ್ಲದೆ ಅಲ್ಲಿ ಒಳಕ್ಕೆ ಬಿಡುವುದಿಲ್ಲ. ಅಲ್ಲಿಂದ ಮರಳುವಾಗ ನಮ್ಮ ದೇಶದವರೂ ಬಿಡುವುದಿಲ್ಲ. ಲಸಿಕೆ ಹಾಕಿಸಿದ ಹತ್ತು ದಿನಗಳ ಮೇಲೆಯೇ ಅದಕ್ಕೆ ಮಾನ್ಯತೆ. ೧೯೫೭ರಲ್ಲಿ ನಮ್ಮ ಜಿಲ್ಲೆಯ ಕಾಡಿನಲ್ಲಿ ವಿಜ್ಞಾನಿಗಳು ಯಾವ ಜ್ವರಕ್ಕೆ ಅಂಜಿದ್ದರೋ ಅದೇ ಜ್ವರದ ತೌರಿಗೆ ನಾನು ಹೊರಟಿದ್ದೆನು.

ಮುಂಬಯಿಯಿಂದ ಹೊರಟು, ಅಡಿಸ್ ಅಬಾಬಾದಲ್ಲಿ ವಿಮಾನವನ್ನು ಬದಲಿಸಿ, ಎಂಟೆಬ್ಬೆಗೆ ಇಳಿದೆವು. ಇದು ವಿಕ್ಟೋರಿಯಾ ಮಹಾಸರೋವರದ ದಡದಲ್ಲಿ, ಭೂಮಧ್ಯರೇಖೆಗೆ ತೀರ ಸಮೀಪದಲ್ಲಿರುವ ಊರು. ವಿಮಾನದಿಂದ ಹೊರಗೆ ಕಾಲಿಟ್ಟಾಗ ಎದುರಾದುದು ಕಲ್ಲು ಸಿಡಿಸುವ ಬಿಸಿಲಲ್ಲ, ಆಗತಾನೆ ನಿಂತ ಮಳೆಯ ವಾಸನೆ! ಅಲ್ಲಿ ಮಾರ್ಚಿಯಿಂದ ಮೇ ತಿಂಗಳವರೆಗೆ ಒಂದು ಮಳೆಗಾಲ, ಸೆಪ್ಟೆಂಬರಿನಿಂದ ನವೆಂಬರಿನವರೆಗೆ ಇನ್ನೊಂದು. ಕಂಪಾಲಾ ಪಟ್ಟಣವು ಸಮುದ್ರಮಟ್ಟಕ್ಕಿಂತ ಸುಮಾರು ೧,೨೦೦ ಮೀಟರು ಎತ್ತರದಲ್ಲಿರುವುದರಿಂದ ರೇಖೆಯ ಮೇಲಿದ್ದರೂ ಬೇಗೆಯಿಲ್ಲ. ನಮ್ಮೂರಿನಲ್ಲಿ ಬಾವಿಯ ನೀರು ತಳ ಕಾಣುತ್ತಿದ್ದ ಆ ಏಪ್ರಿಲಿನಲ್ಲಿ ನಾನು ಅಲ್ಲಿ ಶಾಲು ಹೊದೆದು ಮಲಗಿದೆನೆಂದರೆ ತಾಯಿಯವರು ಈಗಲೂ ನಂಬುವುದಿಲ್ಲ.

ಎಂಟೆಬ್ಬೆಯಿಂದ ಕಂಪಾಲಾಕ್ಕೆ ನಲವತ್ತು ಕಿಲೋಮೀಟರು. ೨೦೧೮ರಲ್ಲಿ ತೆರೆದ ಹೊಸ ಹೆದ್ದಾರಿಯನ್ನು ಬಿಟ್ಟು ನಮ್ಮ ಸಾರಥಿಯು ಹಳೆಯ ರಸ್ತೆಯನ್ನೇ ಹಿಡಿದನು. ಕೆಂಪು ಮಣ್ಣು, ಅದರ ಮೇಲೆ ಹರಿದ ಕೆಂಪು ನೀರು, ಮನೆಗಳ ಹಿತ್ತಲಲ್ಲಿ ಬಾಳೆ, ಬಾಳೆಯ ನಡುವೆ ಬುಡದಿಂದ ತುದಿಯವರೆಗೆ ಕಾಯಿ ಹೊತ್ತು ನಿಂತ ಹಲಸು. ಕಣ್ಣನ್ನು ಅರೆ ಮುಚ್ಚಿದರೆ ಹೊಸನಗರದ ದಾರಿಯಲ್ಲಿಯೇ ಇದ್ದೆನೆನ್ನಬೇಕು. ಹಲಸು ಅಲ್ಲಿಗೆ ನಮ್ಮ ಕಡೆಯ ದೇಶಗಳಿಂದ ಹೋದ ಮರ. ಅಲ್ಲಿನವರು ಅದನ್ನು ‘ಫೆನೆ’ ಎನ್ನುವರು; ರಸ್ತೆಯ ಬದಿಯಲ್ಲಿ ಹೆಂಗಸರು ತೊಳೆ ಬಿಡಿಸಿ ಮಾರುವರು.

ದಾರಿಯಲ್ಲಿ ಸಾರಥಿಯು ಪಕ್ಕದ ಮರಗಳ ಗುಂಪನ್ನು ಕೈಯಿಂದ ತೋರಿಸಿ “ಜಿಕಾ” ಎಂದನು. ತಂಡದವರೆಲ್ಲರೂ ಒಮ್ಮೆಲೇ ಕಿಟಕಿಯ ಕಡೆಗೆ ತಿರುಗಿದರು. ೨೦೧೬ರಲ್ಲಿ ಬ್ರೆಜಿಲ್ ಮುಂತಾದ ದೇಶಗಳಲ್ಲಿ ಬಸುರಿಯರನ್ನು ಬೆದರಿಸಿ, ಲೋಕವನ್ನೆಲ್ಲ ನಡುಗಿಸಿದ ಜಿಕಾ ರೋಗದ ಹೆಸರು ಈ ಕಾಡಿನದೇ. ೧೯೪೭ರಲ್ಲಿ ಹಳದಿ ಜ್ವರವನ್ನು ಅಭ್ಯಸಿಸುತ್ತಿದ್ದ ಎಂಟೆಬ್ಬೆಯ ಸಂಶೋಧಕರು ಇಲ್ಲಿನ ಮರದ ಅಟ್ಟಣೆಯ ಮೇಲೆ ಪಂಜರದಲ್ಲಿ ಕೋತಿಯನ್ನು ಕಾವಲಿಟ್ಟಿದ್ದರು. ಅದಕ್ಕೆ ಜ್ವರ ಬರಲು, ರಕ್ತದಲ್ಲಿ ಹೊಸದೊಂದು ವೈರಸ್ಸು ದೊರೆಯಿತು. ಆ ಕೋತಿಯಾದರೋ ಆಫ್ರಿಕಾದ್ದೂ ಅಲ್ಲ; ನಮ್ಮ ಏಷ್ಯಾ ಖಂಡದ ರೀಸಸ್ ಜಾತಿಯದು! ಆದರೂ ಅಪಕೀರ್ತಿಯು ತಗುಲಿದುದು ಆ ಕಾಡಿಗೆ. ಆ ಮರಗಳ ನೆರಳಿನಾಚೆ ಒಬ್ಬಳು ಹೆಂಗಸು ಬಟ್ಟೆಗಳನ್ನು ಒಣಹಾಕುತ್ತಿದ್ದಳು. ಇಬ್ಬರು ಹುಡುಗರು ಸಮವಸ್ತ್ರ ಧರಿಸಿ ಶಾಲೆಯಿಂದ ಬರುತ್ತಿದ್ದರು. ನನಗೆ ಅರಲಗೋಡಿನ ನೆನಪಾಯಿತು. ಮೋಟಾರು ನಿಲ್ಲಲಿಲ್ಲ.

ಕಂಪಾಲಾವು ಗುಡ್ಡಗಳ ಪಟ್ಟಣ. ಮೊದಲು ಏಳು ಗುಡ್ಡಗಳ ಮೇಲಿತ್ತೆಂದು ಹೇಳುವರು. ಈಗ ಅದು ಇನ್ನೂ ಹಲವನ್ನು ಏರಿ ಕುಳಿತಿದೆ. ಒಂದು ಗುಡ್ಡದ ಮೇಲೆ ನಾಮಿರೆಂಬೆಯ ದೇವಾಲಯ, ಇನ್ನೊಂದರ ಮೇಲೆ ರುಬಾಗಾದ ಕ್ರೈಸ್ತ ಮಂದಿರ, ಮತ್ತೊಂದರ ಮೇಲೆ ಕಿಬುಲಿಯ ಮಸೀದಿ, ಮೆಂಗೋದಲ್ಲಿ ಬುಗಾಂಡಾದ ಅರಸನ ಅರಮನೆ. ಸಂಜೆಯ ಹೊತ್ತು ಎತ್ತರದಲ್ಲಿ ನಿಂತು ನೋಡಿದರೆ ಪ್ರತಿಯೊಂದು ಮತವೂ ತನ್ನ ತನ್ನ ಗುಡ್ಡದ ಮೇಲೆ ದೀಪ ಹಚ್ಚಿ, ಮಧ್ಯದ ಕಣಿವೆಯನ್ನು ಜನರ ಗದ್ದಲಕ್ಕೆ ಬಿಟ್ಟುಕೊಟ್ಟಂತೆ ತೋರುವುದು.

ಆ ಗದ್ದಲವನ್ನೇನು ಹೇಳಲಿ! ಕಣಿವೆಯ ತಳದಲ್ಲಿ ಬಾಡಿಗೆಯ ಗಾಡಿಗಳ ಹಳೆಯ ನಿಲ್ದಾಣವುಂಟು. ಬಿಳಿಯ ಬಣ್ಣದ, ನಡುವಿಗೆ ನೀಲಿ ಚೌಕಳಿಯ ಪಟ್ಟಿಯಿರುವ ಗಾಡಿಗಳು ನೂರಾರು ಸಂಖ್ಯೆಯಲ್ಲಿ ಒಂದರ ಬೆನ್ನಿಗೊಂದು ಅಂಟಿ ನಿಂತಿರುವುವು. ಅವುಗಳ ಸಂದಿನಲ್ಲಿ ‘ಬೋಡಾ ಬೋಡಾ’ ಎಂಬ ಬಾಡಿಗೆಯ ಮೋಟಾರು ಸೈಕಲ್ಲುಗಳು ನುಸುಳುವುವು. ಒಂದರ ಮೇಲೆ ಸವಾರನ ಹಿಂದೆ ತಾಯಿ, ಮಗು, ಮಗುವಿನ ಹಿಂದೆ ಬಾಳೆಯ ಗೊನೆ. ಕಸದ ರಾಶಿಗಳ ಮೇಲೆ ಮನುಷ್ಯನ ಎದೆಯೆತ್ತರದ, ಬೋಳು ತಲೆಯ ಮರಬೂ ಕೊಕ್ಕರೆಗಳು ಹಳೆಯ ಗುಮಾಸ್ತರಂತೆ ಕುತ್ತಿಗೆ ತಗ್ಗಿಸಿ ನಿಂತಿರುವುವು. ಮೊದಲ ದಿನ ನಮಗೆ ಅವುಗಳನ್ನು ಕಂಡು ಹೇಸಿಗೆಯಾಯಿತು. ಊರನ್ನು ಚೊಕ್ಕಟಮಾಡುವ ಕೆಲಸದಲ್ಲಿ ಅವುಗಳ ಪಾಲೂ ಉಂಟೆಂದು ಕೇಳಿದ ಮೇಲೆ ಸ್ವಲ್ಪ ಗೌರವವೂ ಹುಟ್ಟಿತು.

ಗೃಹಿಣಿಯರಾದ ವಾಚಕರು ಉಡಿಗೆ ಅಡಿಗೆಗಳ ವಿಷಯವನ್ನು ಕೇಳದೆ ಬಿಡರು. ಅಲ್ಲಿನ ಹಿರಿಯ ಹೆಂಗಸರು ಧರಿಸುವ ಉಡುಪಿಗೆ ‘ಗೋಮೆಸಿ’ ಎಂದು ಹೆಸರು. ನೆಲ ಮುಟ್ಟುವ ನಿಲುವಂಗಿ. ಹೆಗಲಿನ ಮೇಲೆ ಎರಡು ಮೊನೆಗಳು. ಸೊಂಟಕ್ಕೆ ಅಗಲವಾದ ರೇಷ್ಮೆಯ ಪಟ್ಟಿ. ಇದನ್ನು ರೂಪಿಸಿದವನು ಗೋವೆಯಿಂದ ಹೋಗಿ ನೆಲಸಿದ ಗೋಮ್ಸ್ ಎಂಬ ದರ್ಜಿಯೆಂದೂ, ಅವನಿಂದಲೇ ಆ ಹೆಸರು ಬಂದಿತೆಂದೂ ಹೇಳುತ್ತಾರೆ. ನಮ್ಮ ಕಾರವಾರದ ನೆರೆಯವನೊಬ್ಬನ ಕತ್ತರಿಯು ಒಂದು ದೇಶದ ಹೆಂಗಸರ ಮರ್ಯಾದೆಯ ಉಡುಪನ್ನು ಕತ್ತರಿಸಿತಲ್ಲ ಎಂದು ನನಗೆ ಸಂತೋಷವಾಯಿತು. ಊಟಕ್ಕೆ ಮುಖ್ಯವಾದುದು ‘ಮಟೋಕೆ’. ಹಸಿರು ಬಾಳೆಕಾಯಿಯ ಸಿಪ್ಪೆ ಸುಲಿದು, ಬಾಳೆಯ ಎಲೆಯಲ್ಲಿ ಕಟ್ಟಿ, ಹಬೆಯಲ್ಲಿ ಬೇಯಿಸಿ, ಎಲೆಯ ಕಟ್ಟನ್ನು ಬಿಚ್ಚದೆಯೇ ಅಂಗೈಯಿಂದ ಒತ್ತಿ ಮೆದುಮಾಡುವರು. ಮೇಲೆ ನೆಲಗಡಲೆಯ ಗಟ್ಟಿ ಗೊಜ್ಜು. ಕೊಟ್ಟೆ ಕಡುಬನ್ನು ತಿಂದು ಬೆಳೆದ ನನಗೆ ಎಲೆಯ ವಾಸನೆಯೇ ಅರ್ಧ ಹಸಿವನ್ನು ನೀಗಿಸಿತು. ಬೀದಿಯಲ್ಲಿ ಚಪಾತಿಯನ್ನೂ ಮಾರುವರು, ಹೆಸರೂ ಚಪಾತಿಯೇ.

ಆ ಚಪಾತಿಯ ಹಿಂದೆ ಒಂದು ದೊಡ್ಡ ಕಥೆಯಿದೆ. ೧೮೯೬ರಿಂದ ೧೯೦೧ರವರೆಗೆ ಮೊಂಬಾಸಾದ ಕಡಲಿನಿಂದ ಸರೋವರದವರೆಗೆ ರೈಲುದಾರಿಯನ್ನು ಹಾಕಲು ಇಂಗ್ಲಿಷರು ಭಾರತದಿಂದ ಸುಮಾರು ಮೂವತ್ತೆರಡು ಸಾವಿರ ಕೂಲಿಗಳನ್ನು ಕರೆದೊಯ್ದರು. ಸಾವಿರಾರು ಮಂದಿ ಅಲ್ಲಿಯೇ ಮಣ್ಣಾದರು. ಉಳಿದವರ ಹಿಂದೆ ವ್ಯಾಪಾರಿಗಳು ಹೋದರು. ೧೯೭೨ರ ಆಗಸ್ಟಿನಲ್ಲಿ ಈದಿ ಅಮೀನನು ತೊಂಬತ್ತು ದಿನಗಳ ಗಡುವು ಕೊಟ್ಟು ಅವರನ್ನೆಲ್ಲ ಹೊರಗಟ್ಟಿದನು. ಮುಂದೆ ಬೇರೆ ಸರ್ಕಾರವು ಬಂದು ಆಸ್ತಿಗಳನ್ನು ಹಿಂದಿರುಗಿಸಿದ ಮೇಲೆ ಕೆಲವರು ಮರಳಿದ್ದಾರೆ. ಬಟ್ಟೆಯ ಅಂಗಡಿಯ ವೃದ್ಧ ಗುಜರಾತಿಯೊಬ್ಬರು ನನಗೆ ಬಾಗಿಲಿನ ಚೌಕಟ್ಟಿನಲ್ಲಿ ಒಂದು ಗೀಟನ್ನು ತೋರಿಸಿದರು. ತಮ್ಮ ಹತ್ತನೆಯ ವಯಸ್ಸಿನಲ್ಲಿ ತಂದೆಯು ಅವರ ಎತ್ತರವನ್ನು ಗುರುತು ಮಾಡಿದ ಗೀಟದು. “ಬಾಗಿಲಿಗೆ ಎಷ್ಟೋ ಸಲ ಬಣ್ಣ ಹೊಡೆದಿದ್ದಾರೆ; ಚಾಕುವಿನ ಗೀಟು ಮುಚ್ಚಲಿಲ್ಲ” ಎಂದರು. ಪಟ್ಟಣವೊಂದು ತನ್ನವರನ್ನು ಹೊರಗೆ ಹಾಕಿ ಮತ್ತೆ ಒಳಕ್ಕೆ ಕರೆದುಕೊಳ್ಳುವುದೂ ಉಂಟೆಂದು ಅಲ್ಲಿ ಕಲಿತೆನು.

ಇನ್ನು ನಾವು ಹೋದ ಕೆಲಸಕ್ಕೆ ಬರುವೆನು. ಪಟ್ಟಣದ ಅಂಚಿನಲ್ಲಿದ್ದ ಒಂದು ಆಸ್ಪತ್ರೆಯಲ್ಲಿ ನಮ್ಮ ಶಿಬಿರ. ಬೆಳಗಿನ ಏಳು ಗಂಟೆಗೆ ಅಂಗಳದಲ್ಲಿ ಇನ್ನೂರಕ್ಕೆ ಕಡಿಮೆಯಿಲ್ಲದ ಜನ ಬೆಂಚುಗಳ ಮೇಲೆ ಕುಳಿತಿದ್ದರು. ಗದ್ದಲವಿಲ್ಲ, ನೂಕುನುಗ್ಗಲಿಲ್ಲ. ನಾನು ಹತ್ತಿರ ಹೋದಾಗ ಒಬ್ಬಳು ತರುಣಿಯು ನೆಲಕ್ಕೆ ಮೊಣಕಾಲೂರಿ ಎರಡೂ ಕೈಗಳಿಂದ ನನ್ನ ಕೈ ಹಿಡಿದು “ಜೆಬಲೆ ಕೋ, ಞಾಬೋ” ಎಂದಳು. ಹಿರಿಯರಿಗೆ ಹೀಗೆ ಮಂಡಿಯೂರಿ ನಮಿಸುವುದು ಬುಗಾಂಡಾದ ಹೆಣ್ಣುಮಕ್ಕಳ ಪದ್ಧತಿ. ‘ಞಾಬೋ’ ಎಂದರೆ ಅಮ್ಮನವರೇ ಎಂದಂತೆ. ‘ಜೆಬಲೆ ಕೋ’ ಎಂಬುದರ ಅರ್ಥವನ್ನು ಕೇಳಿದೆನು: ‘ನೀವು ದುಡಿದುದಕ್ಕೆ ವಂದನೆ.’ ದಾರಿಯಲ್ಲಿ ಎದುರಾದವರಿಗೂ, ಹೊಲದಿಂದ ಬಂದವರಿಗೂ, ಅಡಿಗೆಮನೆಯಿಂದ ಹೊರಬಂದವರಿಗೂ ಅಲ್ಲಿ ಹೀಗೆಯೇ ಹೇಳುವರು. ದಿನವೆಲ್ಲ ದುಡಿದು ಯಾರಿಂದಲೂ ಒಂದು ಮಾತನ್ನು ಕೇಳದ ನಮ್ಮ ಮನೆಗಳ ಹೆಂಗಸರನ್ನು ನೆನೆದು, ಇಂಥ ನುಡಿಯೊಂದು ಕನ್ನಡಕ್ಕೂ ಇದ್ದಿದ್ದರೆ ಎಂದುಕೊಂಡೆನು.

ಆಫ್ರಿಕಾ ಎಂದರೆ ವೈದ್ಯರಿಲ್ಲದ ನಾಡೆಂದು ಹಲವರು ತಿಳಿದಿರುವರು. ಮೆಂಗೋದ ಆಸ್ಪತ್ರೆಯು ೧೮೯೭ರಷ್ಟು ಹಿಂದೆ ಆಲ್ಬರ್ಟ್ ಕುಕ್ ಎಂಬ ವೈದ್ಯನಿಂದ ಆರಂಭವಾದುದು. ಅವನ ಪತ್ನಿ ಕ್ಯಾಥರೀನಳು ನನ್ನಂತೆಯೇ ಶುಶ್ರೂಷಕಿ. ಆ ನಾಡಿನ ಹೆಣ್ಣುಮಕ್ಕಳಿಗೆ ಸೂಲಗಿತ್ತಿಯ ವಿದ್ಯೆಯನ್ನು ಕಲಿಸುವ ಶಾಲೆಯನ್ನು ನಡೆಸಿದಳು. ಮಕೆರೆರೆಯ ವಿದ್ಯಾಸಂಸ್ಥೆಯು ೧೯೨೨ರಲ್ಲಿ ಹುಟ್ಟಿತು. ಅದರ ವೈದ್ಯಶಾಲೆಯು ಮುಲಾಗೋ ಆಸ್ಪತ್ರೆಯಲ್ಲಿ ೧೯೨೪ರಲ್ಲಿ ತೊಡಗಿತು. ಮಕ್ಕಳ ದವಡೆಯಲ್ಲಿ ಬೆಳೆಯುವ ಒಂದು ಬಗೆಯ ಕ್ಯಾನ್ಸರನ್ನು ೧೯೫೮ರಲ್ಲಿ ಡೆನಿಸ್ ಬರ್ಕಿಟ್ ಲೋಕಕ್ಕೆ ವಿವರಿಸಿದುದು ಮುಲಾಗೋದಲ್ಲಿ ಕಂಡ ಮಕ್ಕಳಿಂದಲೇ. ೨೦೦೦ದಲ್ಲಿ ಉತ್ತರದ ಗುಲು ಪ್ರಾಂತದಲ್ಲಿ ಎಬೋಲಾ ಬಂದಾಗ, ಲಾಚೋರ್ ಆಸ್ಪತ್ರೆಯ ಡಾಕ್ಟರ್ ಮ್ಯಾಥ್ಯೂ ಲುಕ್ವಿಯಾ ಅವರು ರೋಗಿಗಳನ್ನು ಬಿಟ್ಟು ಓಡದೆ, ಕೊನೆಗೆ ತಾವೂ ಅದೇ ರೋಗದಿಂದ ಡಿಸೆಂಬರಿನಲ್ಲಿ ಅಸುನೀಗಿದರು. ಅವರು ಆ ನಾಡಿನ ಮಗ. ಅವರ ಹೆಸರನ್ನು ಹೇಳುವಾಗ ಅಲ್ಲಿನ ಶುಶ್ರೂಷಕಿಯರು ದನಿ ತಗ್ಗಿಸುತ್ತಿದ್ದರು.

ಅಂಥವರಲ್ಲೊಬ್ಬಾಕೆ ನಮ್ಮ ವಾರ್ಡಿನ ಮುಖ್ಯಸ್ಥೆ. ಐವತ್ತರ ಆಸುಪಾಸು, ಮಿತಭಾಷಿ. ಮೊದಲ ದಿನವೇ ನಮ್ಮ ತಂಡವನ್ನು ಕೂರಿಸಿ ಒಂದು ಪ್ರಶ್ನೆ ಕೇಳಿದಳು: “ನೀವು ಹದಿನೈದು ದಿನ ಇರುವಿರಿ. ಹದಿನಾರನೆಯ ದಿನ ಈ ಕಣ್ಣುಗಳನ್ನು ನೋಡುವವರು ನಾವು. ಆದ್ದರಿಂದ ಪ್ರತಿಯೊಂದು ಕಣ್ಣಿಗೂ ನೀವು ಏನು ಮಾಡಿದಿರೆಂಬುದನ್ನು ನಮ್ಮ ಪುಸ್ತಕದಲ್ಲಿ, ನಮ್ಮ ಕ್ರಮದಲ್ಲಿ ಬರೆಯುವಿರಾ?” ಮಾತಿನಲ್ಲಿ ಒರಟಿರಲಿಲ್ಲ, ಅನುಭವವಿತ್ತು. ಅರಲಗೋಡಿನ ಕಡೆಗೂ ೨೦೧೯ರಲ್ಲಿ ಎಷ್ಟೋ ವಾಹನಗಳು ಬಂದುವು. ಉಣುಗುಗಳನ್ನು ಹಿಡಿದರು, ರಕ್ತವನ್ನು ತೆಗೆದರು, ಚಿತ್ರಗಳನ್ನು ಹಿಡಿದರು. ಆದರೆ ರೋಗಿಯನ್ನು ದೂರದ ಮಣಿಪಾಲಕ್ಕೆ ಸಾಗಿಸುವಾಗ ಜೊತೆಗೆ ಹೋದವರು, ಮರಳಿ ಬಂದ ಮೇಲೆ ಗಂಜಿ ಕಾಸಿ ಕೊಟ್ಟವರು ಅಕ್ಕಪಕ್ಕದ ಮನೆಯವರೂ ಊರಿನ ಆಶಾ ಕಾರ್ಯಕರ್ತೆಯರೂ. ಹದಿನಾರನೆಯ ದಿನದ ಭಾರವು ಯಾವಾಗಲೂ ಊರಿನವರದೇ. ಅಂದಿನಿಂದ ನಾನು ಶಸ್ತ್ರಕ್ರಿಯೆಯ ಕೊಠಡಿಯಲ್ಲಿ ನಿಲ್ಲುವುದಕ್ಕಿಂತ ಆಕೆಯ ಮಗ್ಗುಲಲ್ಲಿ ಕುಳಿತು ಆ ಪುಸ್ತಕವನ್ನು ತುಂಬುವುದರಲ್ಲಿಯೇ ಹೆಚ್ಚು ಹೊತ್ತು ಕಳೆದೆನು.

ಒಂದು ಮಧ್ಯಾಹ್ನ ಚಹದ ಹೊತ್ತಿನಲ್ಲಿ ಮಕೆರೆರೆಯಲ್ಲಿ ಓದಿದ ತರುಣ ವೈದ್ಯನೊಬ್ಬನು ನನ್ನ ಊರು ಯಾವುದೆಂದು ಕೇಳಿದನು. ರಿಪ್ಪನ್‌ಪೇಟೆ ಎಂದರೆ ತಿಳಿಯಲಿಲ್ಲ. ಶಿವಮೊಗ್ಗ ಎಂದರೂ ತಿಳಿಯಲಿಲ್ಲ. ಮಲೆನಾಡು, ಕಾಡು, ಸೊರಬ, ಕ್ಯಾಸನೂರು ಎಂದೆನು. ಅವನ ಕೈಯ ಬಟ್ಟಲು ಅಲ್ಲಿಯೇ ನಿಂತಿತು. “ಕ್ಯಾಸನೂರು! ನಾವು ಅದನ್ನು ಪರೀಕ್ಷೆಗೆ ಓದಿದ್ದೇವೆ” ಎಂದು, ಆ ಹೆಸರನ್ನು ಮೂರು ಭಾಗವಾಗಿ ಒಡೆದು ಉಚ್ಚರಿಸಿ, ನನ್ನನ್ನು ಕನಿಕರದಿಂದ ನೋಡಿ ಕೇಳಿದನು: “ಅಲ್ಲಿ ಇನ್ನೂ ಜನ ವಾಸವಾಗಿರುವರೇ?”

ನನಗೆ ಮೊದಲು ನಗೆ ಬಂದಿತು. ಮರುಕ್ಷಣದಲ್ಲಿ ಚಿಕ್ಕಪ್ಪನ ಮಗನ ಮುಖವು ಕಣ್ಣಿನ ಮುಂದೆ ಬಂದಿತು. “ಇದ್ದೇವಪ್ಪ” ಎಂದೆನು. “ತೋಟ ಮಾಡುತ್ತೇವೆ. ರಾತ್ರಿಯೆಲ್ಲ ಕುಳಿತು ಯಕ್ಷಗಾನ ನೋಡುತ್ತೇವೆ. ಮಕ್ಕಳಿಗೆ ಮದುವೆ ಮಾಡುತ್ತೇವೆ. ಬೇಸಿಗೆಯಲ್ಲಿ ಕಾಡಿಗೆ ಹೋಗುವಾಗ ಕೈಕಾಲಿಗೆ ಎಣ್ಣೆ ಸವರಿಕೊಂಡು ಹೋಗುತ್ತೇವೆ. ಸತ್ತ ಮಂಗವನ್ನು ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೆ ಸುದ್ದಿ ಕೊಡುತ್ತೇವೆ.” ವಾರ್ಡಿನ ಮುಖ್ಯಸ್ಥೆಯು ಇದನ್ನೆಲ್ಲ ಕೇಳುತ್ತಿದ್ದು, ಸಾವಕಾಶವಾಗಿ, “ನಮ್ಮ ಅತ್ತೆಯ ಮನೆಯು ಜಿಕಾದ ಪಕ್ಕದಲ್ಲಿದೆ. ಬಾಳೆ ಚೆನ್ನಾಗಿ ಬರುತ್ತದೆ” ಎಂದಳು. ಮೂವರೂ ನಕ್ಕೆವು. ಆ ಮೇಲೆ ತರುಣನು ಉಣುಗು ಎಷ್ಟು ದೊಡ್ಡದಿರುತ್ತದೆ, ಅದನ್ನು ನಮ್ಮ ಮಾತಿನಲ್ಲಿ ಏನೆನ್ನುವರು, ಯಾವ ತಿಂಗಳಲ್ಲಿ ಹೆಚ್ಚು ಎಂದು ಒಂದೊಂದಾಗಿ ಕೇಳಿ ಬರೆದುಕೊಂಡನು. ನಾನು ಅಲ್ಲಿಗೆ ಕೊಡಲು ಹೋಗಿದ್ದ ಮೂವತ್ತು ವರ್ಷಗಳ ವಿದ್ಯೆಗಿಂತ, ಹುಟ್ಟಿದೂರಿನಿಂದ ಬಂದ ಈ ತಿಳಿವನ್ನು ಅವನು ಹೆಚ್ಚು ಆದರದಿಂದ ತೆಗೆದುಕೊಂಡನು.

ಶಿಬಿರದ ಎಲ್ಲ ರೋಗಿಗಳ ವಿಷಯವನ್ನೂ ಹೇಳಲಾರೆನು. ಒಬ್ಬ ಮುದುಕಿಯ ಮಾತನ್ನು ಮಾತ್ರ ಹೇಳುವೆನು. ಅಲ್ಲಿ ಅಜ್ಜನಿಗೂ ಅಜ್ಜಿಗೂ ಒಂದೇ ಹೆಸರು, ‘ಜಾಜಾ’. ನಮ್ಮ ಅಜ್ಜ ಅಜ್ಜಿಯರ ಹೆಸರಿಗೆ ಎಷ್ಟು ಹತ್ತಿರ! ಈ ಜಾಜಾಳ ಎರಡು ಕಣ್ಣಿಗೂ ಪೊರೆ. ಎಂಟು ವರ್ಷದ ಮೊಮ್ಮಗಳು ಒಂದು ಕೋಲಿನ ಮುಂದಿನ ತುದಿಯನ್ನು ಹಿಡಿದು ನಡೆಯುವಳು. ಹಿಂದಿನ ತುದಿಯನ್ನು ಹಿಡಿದು ಮುದುಕಿಯು ಹಿಂಬಾಲಿಸುವಳು. ಹೀಗಾಗಿ ಆ ಹುಡುಗಿಯು ಶಾಲೆಗೆ ಹೋಗುವುದು ನಿಂತುಹೋಗಿತ್ತು. ಪೊರೆಯನ್ನು ತೆಗೆದು, ಕೃತಕ ಮಸೂರವನ್ನು ಇಟ್ಟರು. ಇಂಥ ಮಸೂರಗಳು ಒಂದು ಕಾಲದಲ್ಲಿ ಬಡವರ ಕೈಗೆ ಎಟುಕದ ಬೆಲೆಯವು. ಮಧುರೆಯಲ್ಲಿ ೧೯೯೨ರಲ್ಲಿ ಆರೋಲ್ಯಾಬ್ ಎಂಬ ಸಂಸ್ಥೆಯು ಅವುಗಳನ್ನು ಅಗ್ಗವಾಗಿ ತಯಾರಿಸತೊಡಗಿದ ಮೇಲೆ ನಮ್ಮ ದೇಶಕ್ಕೂ ಹೊರದೇಶಗಳಿಗೂ ದೊಡ್ಡ ಉಪಕಾರವಾಯಿತು. ಮರುದಿನ ಪಟ್ಟಿಯನ್ನು ಬಿಚ್ಚಿದಾಗ ಮುದುಕಿಯು ವೈದ್ಯರನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಹುಡುಗಿಯು ಅಭ್ಯಾಸಬಲದಿಂದ ಎದ್ದು ಕೋಲಿನ ತುದಿಯನ್ನು ಅವಳ ಕೈಗೆ ನೀಡಿದಳು. ಮುದುಕಿಯು ಕೋಲನ್ನು ಹಿಡಿದು, ಅದರ ಉದ್ದಕ್ಕೂ ಕಣ್ಣು ಹಾಯಿಸಿ, ಇನ್ನೊಂದು ತುದಿಯಲ್ಲಿ ನಿಂತಿದ್ದ ಮಗುವನ್ನು ಕಂಡಳು. ಬಹಳ ಹೊತ್ತು ಕಂಡಳು. ಆಮೇಲೆ ಕೋಲನ್ನು ತನ್ನ ಕಂಕುಳಲ್ಲಿ ಇರುಕಿಕೊಂಡು, ಮಗುವಿನ ಕೈಯನ್ನು ತಾನು ಹಿಡಿದು ಮುಂದೆ ಮುಂದೆ ನಡೆದಳು. ಬಾಗಿಲ ಬಳಿ ನೆನಪಾಗಿ ತಿರುಗಿ “ಜೆಬಲೆ ಕೋ” ಎಂದಳು.

ನಡುವೆ ಬಂದ ಭಾನುವಾರ, ಪೂರ್ವಕ್ಕೆ ಎಂಬತ್ತು ಕಿಲೋಮೀಟರು ದೂರದ ಜಿಂಜಾ ಎಂಬ ಊರಿಗೆ ನಮ್ಮನ್ನು ಕರೆದೊಯ್ದರು. ಸರೋವರದಿಂದ ನೈಲ್ ಮಹಾನದಿಯು ಹೊರಡುವ ಸ್ಥಳವದು. ೧೯೪೮ರಲ್ಲಿ ಮಹಾತ್ಮ ಗಾಂಧಿಯವರ ಚಿತಾಭಸ್ಮದ ಒಂದು ಭಾಗವನ್ನು ಅಲ್ಲಿ ನೀರಿಗೆ ಬಿಟ್ಟರು. ಅದರ ನೆನಪಿಗೆ ಈಗ ಅವರ ಪ್ರತಿಮೆಯಿದೆ. ನಾನು ಕೈಮುಗಿದು ನಿಂತಿದ್ದಾಗ, ದಾರಿ ತೋರಿಸುವವನು ನೀರಿನ ಕಡೆ ಬೆರಳು ಮಾಡಿ, “ಇಲ್ಲಿ ಒಂದು ಜಲಪಾತವಿತ್ತು, ರಿಪ್ಪನ್ ಜಲಪಾತ” ಎಂದನು. ನನ್ನ ಕಿವಿಯನ್ನು ನಾನೇ ನಂಬದಾದೆನು. ೧೮೬೨ರಲ್ಲಿ ಸ್ಪೀಕ್ ಎಂಬ ಪ್ರವಾಸಿಯು ಇಲ್ಲಿಗೆ ಬಂದು, ಇಂಗ್ಲೆಂಡಿನ ಭೂಗೋಳ ಸಂಘದ ಅಧ್ಯಕ್ಷನಾಗಿದ್ದ ರಿಪ್ಪನ್ ಪ್ರಭುವಿನ ಹೆಸರನ್ನು ಆ ಜಲಪಾತಕ್ಕೆ ಇಟ್ಟನಂತೆ. ಅದೇ ರಿಪ್ಪನ್ ಪ್ರಭುವು ಮುಂದೆ ೧೮೮೦ರಿಂದ ೧೮೮೪ರವರೆಗೆ ನಮ್ಮ ದೇಶದ ವೈಸರಾಯನಾಗಿದ್ದನು. ರಿಪ್ಪನ್‌ಪೇಟೆಯ ಹೆಸರು ಬಂದುದು ಅವನಿಂದಲೇ ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ೧೯೫೪ರಲ್ಲಿ ಮುಗಿದ ಅಣೆಕಟ್ಟಿನ ನೀರಿನಲ್ಲಿ ಆ ಜಲಪಾತವು ಮುಳುಗಿಹೋಯಿತು. ನಮ್ಮಲ್ಲಿಯೂ ೧೯೬೪ರಲ್ಲಿ ಲಿಂಗನಮಕ್ಕಿಯ ನೀರು ನಿಂತಾಗ ಶರಾವತಿಯ ದಡದ ಎಷ್ಟು ಊರುಗಳು ಮುಳುಗಿದುವೆಂಬುದನ್ನು ಸಾಗರ, ಹೊಸನಗರಗಳ ಹಿರಿಯರನ್ನು ಕೇಳಬೇಕು. ಅಲ್ಲಿ ಮುಳುಗಿದ ಹೆಸರು, ಇಲ್ಲಿ ನಮ್ಮ ಬಸ್ಸುಗಳ ಹಣೆಯ ಮೇಲೆ ಓಡಾಡುತ್ತಿದೆ. ತಮ್ಮ ಊರಿನಿಂದ ಇಷ್ಟು ದೂರ ಬಂದು ತಮ್ಮ ಊರಿನ ಹೆಸರನ್ನೇ ಕೇಳುವ ಭಾಗ್ಯವು ಎಷ್ಟು ಜನಕ್ಕೆ ದೊರೆತೀತು?

ಕಂಪಾಲಾವು ಕೊರತೆಯಿಲ್ಲದ ಊರೆಂದು ನಾನು ಹೇಳುತ್ತಿಲ್ಲ. ಮಳೆ ಬಂದಾಗ ಕಣಿವೆಯ ಬಡವರ ಮನೆಗಳಿಗೆ ಚರಂಡಿಯ ನೀರು ನುಗ್ಗುವುದನ್ನು ಕಂಡೆನು. ಔಷಧಕ್ಕೆ ಹಣ ಸಾಲದೆ ಮಡಿಸಿದ ಚೀಟಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋದವರನ್ನು ಕಂಡೆನು. ಮಲೇರಿಯಾ ಅಲ್ಲಿ ನಿತ್ಯದ ಶತ್ರು. ರಾತ್ರಿ ಸೊಳ್ಳೆಯ ಪರದೆಯಿಲ್ಲದೆ ಮಲಗುವಂತಿಲ್ಲ. ಆದರೆ ರೋಗವು ಒಂದು ಊರಿನಲ್ಲಿರುವುದು ಬೇರೆ, ಊರೇ ರೋಗವಾಗಿರುವುದು ಬೇರೆ. ಹೊರಗಿನವರ ಕಣ್ಣಿಗೆ ಎರಡನೆಯದೇ ಬೇಗ ಕಾಣುವುದು. ಒಳಗಿನವರಿಗಾದರೋ ರೋಗವೆಂಬುದು ಬಾಳಿನ ಹತ್ತು ಕಷ್ಟಗಳಲ್ಲಿ ಒಂದು. ಅದರೊಡನೆ ಹೆಣಗುತ್ತಲೇ ಅವರು ಬಾಳೆಯನ್ನು ನೆಡುವರು, ಮಗುವನ್ನು ಶಾಲೆಗೆ ಕಳುಹಿಸುವರು, ಎದುರಾದವರ ದುಡಿಮೆಗೆ ವಂದನೆ ಹೇಳುವರು.

ಇಂಥ ಸೇವೆಗೆ ಹೋಗಬೇಕೆಂದಿರುವ ಸೋದರಿಯರಿಗೆ ಒಂದೆರಡು ಮಾತು. ಲಸಿಕೆಯ ಪತ್ರ, ಮಲೇರಿಯಾದ ಮಾತ್ರೆ, ಒಂದು ಶಾಲು, ಇವನ್ನು ಮರೆಯಬೇಡಿರಿ. ಆ ನಾಡಿನ ನಾಲ್ಕು ಮಾತುಗಳನ್ನು ಕಲಿತು ಹೋಗಿರಿ. ನಿಮಗೆ ಏನು ಬರುವುದೆಂದು ಹೇಳುವ ಮೊದಲು ಅಲ್ಲಿನ ಶುಶ್ರೂಷಕಿಯರಿಗೆ ಏನು ಬೇಕೆಂದು ಕೇಳಿರಿ. ಅವರ ಪುಸ್ತಕದಲ್ಲಿ ಅವರ ಕ್ರಮದಲ್ಲಿ ಬರೆಯಿರಿ. ಉಳಿದುದನ್ನು ಅವರೇ ಕಲಿಸುವರು.

ಆ ಹಿರಿಯ ಶುಶ್ರೂಷಕಿಯು ಜೂನ್ ತಿಂಗಳಲ್ಲಿ ನನಗೆ ಬರೆದಿದ್ದಳು. ನಾವು ನೋಡಿದ ಕಣ್ಣುಗಳಲ್ಲಿ ಹೆಚ್ಚಿನವು ಚೆನ್ನಾಗಿವೆ. ಕೆಲವಕ್ಕೆ ಮತ್ತೆ ಚಿಕಿತ್ಸೆ ಬೇಕಾಯಿತು, ಅದನ್ನು ಅವರೇ ಮಾಡಿದ್ದಾರೆ. ಜಾಜಾಳ ಮೊಮ್ಮಗಳು ಶಾಲೆಗೆ ಸೇರಿದ್ದಾಳೆ. ಕೊನೆಯಲ್ಲಿ, “ನಿಮ್ಮ ಕಾಡಿನಲ್ಲಿ ಮಳೆ ಬಂದಿತೆ? ಉಣುಗು ಕಡಿಮೆಯಾಯಿತೆ?” ಎಂದು ಕೇಳಿದ್ದಳು. ನಮ್ಮ ನೆಂಟರಲ್ಲಿ ಎಷ್ಟೋ ಜನ ಕೇಳದ ಪ್ರಶ್ನೆಯದು. ಮಳೆ ಹಿಡಿದಿದೆ, ಉಣುಗು ಅಡಗಿದೆ, ನಮ್ಮ ತಂಗಿಯ ಮಗಳಿಗೆ ತೀರ್ಥಹಳ್ಳಿಯ ಕಡೆ ಒಳ್ಳೆಯ ಸಂಬಂಧವು ಕೂಡಿ ಬಂದಿದೆ ಎಂದು ಅಂದೇ ಉತ್ತರ ಬರೆದೆನು.